ಕ್ರಯಪತ್ರದಿಂದ ಕದ್ದ ಹೆಬ್ಬೆಟ್ಟು: ಆಧಾರ್ ಪಾವತಿ ಮತ್ತು ದತ್ತಾಂಶ ರಕ್ಷಣೆಯ ಹೊಣೆ

ಸೈಬರ್ ಭದ್ರತೆ ಎಂದರೆ ಪಾಸ್‌ವರ್ಡ್, ಓಟಿಪಿಗಳದೇ ಮಾತು. ಆದರೆ ತೆಲಂಗಾಣದ ಗಡಿಗೆ ಹತ್ತಿದ ಕುಂಚಾವರಂ ಸೀಮೆಯ ತಾಂಡಾಗಳಲ್ಲಿ ಉದ್ಯೋಗ ಖಾತ್ರಿಯ ಕೂಲಿ, ಪಿಂಚಣಿಯ ಹಣ ತೆಗೆಯಲು ಬ್ಯಾಂಕ್ ಮಿತ್ರನ ಪುಟ್ಟ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತಾರೆ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಪಿನ್ ಬೇಡ, ಓಟಿಪಿ ಬೇಡ. ಅಕ್ಷರ ಬಾರದವರಿಗೆ ಇದು ದೊಡ್ಡ ಆಸರೆ. ಆದರೆ ಶಹಾಬಾದಿನ ಪರಸಿ ಕಲ್ಲು ಹೊತ್ತು ಗೆರೆ ಸವೆದ ಬೆರಳನ್ನು ಎಷ್ಟೋ ಸಲ ಗುರುತಿಸದ ಯಂತ್ರ, ಕಳ್ಳರು ಮಾಡಿದ ಅಚ್ಚನ್ನು ಒಪ್ಪಿಕೊಂಡದ್ದುಂಟು.

2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಾಯಿಸಿದ ಹಲವರ ಖಾತೆಗಳಿಂದ ಹೀಗೆಯೇ ಹಣ ಹೋಯಿತು. ಕಳ್ಳರು ಬ್ಯಾಂಕಿನ ಕಂಪ್ಯೂಟರಿಗೆ ನುಗ್ಗಿರಲಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಕ್ರಯಪತ್ರದ ನಕಲು ಪಡೆದು, ಅದರಲ್ಲಿದ್ದ ಆಧಾರ್ ಸಂಖ್ಯೆ, ಬೆರಳಚ್ಚುಗಳನ್ನು ಎತ್ತಿಕೊಂಡಿದ್ದರು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಆಮೇಲೆ ನಕಲುಗಳಲ್ಲಿ ಬೆರಳಚ್ಚು ಮರೆಮಾಡಲು ಇಲಾಖೆ ಮುಂದಾಯಿತು. ಒತ್ತಿದ್ದು ಜೀವಂತ ಬೆರಳೇ ಎಂದು ಪರೀಕ್ಷಿಸುವ ವ್ಯವಸ್ಥೆಯನ್ನು ಆಧಾರ್ ಪ್ರಾಧಿಕಾರ ಅದೇ ವರ್ಷ ತಂದಿತ್ತು. ಇವೆರಡೂ ಸರಿಯಾದ ಹೆಜ್ಜೆಗಳು. ಬೆರಳಚ್ಚಿನ ಬಳಕೆಯನ್ನೇ ತಡೆಯುವ ಬಯೊಮೆಟ್ರಿಕ್ ಲಾಕ್ ಹಾಕಿಕೊಳ್ಳಿ ಎಂಬ ಸಲಹೆಗೆ ಮಾತ್ರ ನನ್ನ ಆಕ್ಷೇಪವಿದೆ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬೇಕು. ದುಡಿಯಲು ಹೈದರಾಬಾದಿಗೋ ಮುಂಬೈಗೋ ಹೋದವರ ನಂಬರ್ ಬದಲಾಗಿರುತ್ತದೆ. ಲಾಕ್ ಹಾಕಿದರೆ ಪಡಿತರ ಅಂಗಡಿಯಲ್ಲೂ ಹೆಬ್ಬೆಟ್ಟು ನಡೆಯದು. ಸೋರಿಕೆ ಕಚೇರಿಯದು, ತೊಡಕು ಕೂಲಿಕಾರರದು!

ಅದೇ ಕಾವೇರಿಗೆ 2025ರ ಜನವರಿಯಲ್ಲಿ ಬಿದ್ದ ಪೆಟ್ಟು ಬೇರೆ ಬಗೆಯದು. 62 ನಕಲಿ ಖಾತೆಗಳಿಂದ ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳು ನುಗ್ಗಿ ಸರ್ವರ್ ತಡವರಿಸಿತು, ನೋಂದಣಿ ಕುಂಠಿತವಾಯಿತು. ಇಂಥ ದಾಳಿಗೆ ಕೋರಿಕೆಗಳ ಮಿತಿ, ಕ್ಯಾಪ್ಚಾ, ಫೈರ್‌ವಾಲ್ ಮುಂತಾದ ಉಪಾಯಗಳಿವೆ. ದಾಳಿ ನಿಂತರೆ ಸೇವೆ ಮರಳುತ್ತದೆ. ಸೋರಿದ ಬೆರಳಚ್ಚು ಮರಳುವುದಿಲ್ಲ. ಹಾಗಾಗಿ ಬೇಡದ ದತ್ತಾಂಶವನ್ನು ದಾಖಲೆಯಲ್ಲಿ ಇಡದಿರುವುದೇ ಸಂಸ್ಥೆಯೊಂದರ ಮೊದಲ ರಕ್ಷಣೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ರಕ್ಷಣೆಯಲ್ಲಿ ತಪ್ಪಿದ ಸಂಸ್ಥೆಗೆ ₹250 ಕೋಟಿವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ. ಸೋರಿಕೆಯಾದರೆ ಬಾಧಿತರಿಗೆ ತಿಳಿಸಬೇಕೆನ್ನುತ್ತದೆ. ಸಮ್ಮತಿ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದಬಹುದು. ತಾಂಡಾದ ಮನೆಮಾತಾದ ಲಂಬಾಣಿ ಆ ಅನುಸೂಚಿಯಲ್ಲಿಲ್ಲ. ಸೋರಿಕೆಯ ಸುದ್ದಿಯನ್ನು ಎಸ್‌ಎಂಎಸ್‌ಗೆ ಬಿಡದೆ, ಬ್ಯಾಂಕೇ ತಾಂಡಾಕ್ಕೆ ಜನರನ್ನು ಕಳಿಸಿ ಅವರ ಮಾತಿನಲ್ಲೇ ತಿಳಿಸಬೇಕು. ಹಣ ಹೋದವರ ಪರವಾಗಿ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಿಸುವ ಹೊಣೆಯನ್ನೂ ಹೊರಬೇಕು.