ಎಕ್ಸ್‌ಪ್ರೆಸ್ ನಿಲ್ಲದ ಕಡೆ ನಿಂತವರು

ರೈಲಿನ್ಯಾಗ ಕೂತು ಕೇಳಾಕತ್ತೀರೇನು? ಹಂಗಿದ್ರ ಈ ಎಪಿಸೋಡ್ ನಿಮಗೇ.

ನನ್ನ ಅಜ್ಜಿ ಖಾನಾಪುರ ಕಡೆಯವರು. ಬೆಣ್ಣೆ ಮಾರಲು ಬೆಳಗಾವಿಗೆ ಬರ್ತಿದ್ದದ್ದು ಉಗಿ ಎಂಜಿನ್ನಿನ ಪ್ಯಾಸೆಂಜರ್ ಗಾಡಿಯಲ್ಲಿ. ದೂರ ಸುಮಾರು 25 ಕಿಲೋಮೀಟರ್. ಆದರೂ ಅಜ್ಜಿ ಹೇಳ್ತಿದ್ರು, "ಗಾಡಿ ಓಡಿದ್ದಕ್ಕಿಂತ ನಿಂತದ್ದ ಭಾಳ ನೋಡಪಾ." ಯಾಕಂದರೆ ಎಕ್ಸ್‌ಪ್ರೆಸ್ ಬರೋದಿರುತ್ತಿತ್ತು.

ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ. 1890ರ ಹೊತ್ತಿಗೆ ಪುಣೆಯಿಂದ ಬೆಳಗಾವಿ, ಖಾನಾಪುರ ದಾಟಿ ಲೋಂಡಾವರೆಗೆ ಹಳಿ ಕೂಡಿತ್ತು. ಅದು ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಬರೀ 1 ಮೀಟರ್. ಮುಂಬೈನಿಂದ ಬರುವವರು ಪುಣೆಯಲ್ಲಿ ದೊಡ್ಡ ಗಾಡಿ ಇಳಿದು, ಗಂಟುಮೂಟೆ ಹೊತ್ತು, ಸಣ್ಣ ಗಾಡಿ ಹತ್ತಬೇಕಿತ್ತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದದ್ದು 1924ರ ಡಿಸೆಂಬರ್‌ನಲ್ಲಿ. ಆಗ ಬೆಳಗಾವಿಗಿದ್ದ ರೈಲು ದಾರಿಯೂ ಇದೇ ಸಣ್ಣ ಹಳಿ.

ಎಕ್ಸ್‌ಪ್ರೆಸ್ ಅಂದರೆ ಜೋರಾದ ಎಂಜಿನ್ ಅಂತಷ್ಟೇ ಅಲ್ಲ. ಅದು ಕೆಲವೇ ಕಡೆ ನಿಲ್ಲುತ್ತೆ, ಉಳಿದ ಗಾಡಿಗಳು ಅದಕ್ಕೆ ದಾರಿ ಬಿಡುತ್ತವೆ. ಸ್ವಾತಂತ್ರ್ಯದ ನಂತರ ದೇಶದ ಮೀಟರ್ ಗೇಜ್ ಎಕ್ಸ್‌ಪ್ರೆಸ್‌ಗಳಿಗೆ ವೈಪಿ ಎಂಬ ಉಗಿ ಎಂಜಿನ್ ಬಂತು. ಅದು ಓಡಬೇಕಾದರೆ ಫೈರ್‌ಮನ್ ದಾರಿಯುದ್ದಕ್ಕೂ ಒಲೆಗೆ ಕಲ್ಲಿದ್ದಲು ಎಸೆಯುತ್ತಲೇ ಇರಬೇಕು. ನೀರು ಖಾಲಿಯಾದರೆ ಎಕ್ಸ್‌ಪ್ರೆಸ್ ಆದರೂ ನಿಲ್ಲಲೇಬೇಕು.

ಇನ್ನೊಂದು ವಿಷಯ. ಒಂಟಿ ಹಳಿಯ ಮೇಲೆ ಎದುರಿನಿಂದ ಇನ್ನೊಂದು ಗಾಡಿ ಬಂದರೆ ಕಥೆ ಮುಗೀತು. ಅದಕ್ಕೇ ಟೋಕನ್ ಪದ್ಧತಿ. ಮುಂದಿನ ಸ್ಟೇಷನ್‌ವರೆಗಿನ ದಾರಿಗೆ ಒಂದೇ ಟೋಕನ್. ಅದು ಕೈಯಲ್ಲಿಲ್ಲದೆ ಡ್ರೈವರ್ ಹೊರಡುವಂತಿಲ್ಲ. ನಿಲ್ಲದ ಗಾಡಿಗೆ ಅದನ್ನು ದೊಡ್ಡ ಬಳೆಗೆ ಕಟ್ಟಿ ಕೊಡೋರು. ಸಣ್ಣ ಸ್ಟೇಷನ್ನಿನ ನೌಕರ ಪ್ಲಾಟ್‌ಫಾರ್ಮ್ ಮೇಲೆ ಬಳೆ ಎತ್ತಿ ಹಿಡಿದು ನಿಲ್ಲೋನು. ಎಂಜಿನ್ನಿನಲ್ಲಿದ್ದವರು ಹಳೇ ಬಳೆ ಎಸೆದು, ಹೊಸದನ್ನು ತೋಳಿಗೆ ಸಿಕ್ಕಿಸಿಕೊಂಡು ಹೋಗೋರು. ಮಳೆಯಿರಲಿ, ಕತ್ತಲೆಯಿರಲಿ. ಒಳಗೆ ಮಲಗಿದ ನೂರಾರು ಜನರ ಜೀವ ಆ ಬಳೆಯ ಮೇಲೆ.

ಇತಿಹಾಸದಲ್ಲಿ ಎಂಜಿನ್ನಿಗೆ ಹೆಸರಿದೆ, ಕಂಪನಿಗೆ ಹೆಸರಿದೆ. ಬಳೆ ಹಿಡಿದವನಿಗೆ ಇಲ್ಲ. ಬೆಣ್ಣೆ ಕರಗುತ್ತಿದ್ದರೂ ಬುಟ್ಟಿ ಹಿಡಿದು ಕಾದ ಅಜ್ಜಿಗೂ ಇಲ್ಲ. ಎಕ್ಸ್‌ಪ್ರೆಸ್ ಉಳಿಸಿದ ಸಮಯದಲ್ಲಿ ಅವರ ಸಮಯವೂ ಸೇರಿತ್ತು ಅಂತ ನನಗನ್ನಿಸುತ್ತೆ.

2025ರ ಆಗಸ್ಟ್ 10ರಂದು ಬೆಂಗಳೂರು–ಬೆಳಗಾವಿ ವಂದೇ ಭಾರತ್ ಶುರುವಾಯ್ತು. ಬೆಳಗಾವಿಗೆ ಬರುವಾಗ ಖಾನಾಪುರ ದಾಟುತ್ತೆ, ನಿಲ್ಲಲ್ಲ. ನೀವು ಅದರಲ್ಲಿ ಕೂತಿದ್ದರೆ ಒಂದು ನಿಮಿಷ ಫೋನ್ ಕೆಳಗಿಟ್ಟು ಕಿಟಕಿ ಕಡೆ ನೋಡ್ರಿ. ಪಕ್ಕದ ಹಳಿಯಲ್ಲಿ ಯಾವುದಾದರೂ ಪ್ಯಾಸೆಂಜರ್ ನಿಮಗೆ ದಾರಿ ಬಿಟ್ಟು ನಿಂತಿರಬಹುದು.