ಸೋಫಾ ಉಳಿಸಲು ಬೆರಳು ಕಡಿದ ಕಥೆ

ಅಮೆರಿಕದ ಬೆಕ್ಕು ಪೂರಾ ಮನೆಯೊಳಗಿನ ಪ್ರಾಣಿಯಾದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಅದಕ್ಕೆ ಮೊದಲು ಇಲಿ ಹಿಡಿಯಲು ಕೊಟ್ಟಿಗೆ, ಅಂಗಡಿ, ಗೋದಾಮುಗಳಲ್ಲಿ ಸುತ್ತಾಡಿಕೊಂಡು, ಮರದ ತೊಗಟೆಗೆ ಉಗುರು ಮಸೆದುಕೊಂಡು ಇರುತ್ತಿತ್ತು. 1947ರಲ್ಲಿ ಮಿಶಿಗನ್ ರಾಜ್ಯದ ಎಡ್ ಲೋ ಎಂಬಾತ ನೆರೆಯಾಕೆಯ ಬೆಕ್ಕಿನ ಮಲಮೂತ್ರದ ತಟ್ಟೆಗೆ ಮರಳಿನ ಬದಲು ತೇವ ಹೀರುವ ಜೇಡಿಮಣ್ಣಿನ ಹರಳು ಕೊಟ್ಟ. ಅದೇ ಮುಂದೆ ದೊಡ್ಡ ವ್ಯಾಪಾರವಾಯಿತು. ವಾಸನೆಯ ತಾಪತ್ರಯ ತಗ್ಗಿದ್ದರಿಂದ ಬೆಕ್ಕು ಹಗಲಿರುಳು ಒಳಗೇ ಉಳಿಯಿತು, ತೊಗಟೆಯ ಬದಲು ಸೋಫಾ ಸಿಕ್ಕಿತು. 1950ರ ದಶಕದಿಂದೀಚೆಗೆ ಅಲ್ಲಿ ಉಗುರು ತೆಗೆಯುವ ಶಸ್ತ್ರಚಿಕಿತ್ಸೆ ಬೇರೂರಿತು. ಸಂತಾನಹರಣ ಮಾಡಿಸುವಾಗ ಇದನ್ನೂ ಮುಗಿಸಿಬಿಡುವುದು ಎಷ್ಟೋ ಮನೆಗಳ ವಾಡಿಕೆಯಾಗಿತ್ತು. ಬೆಕ್ಕಿಗೆ ಯಾವ ಕಾಯಿಲೆಯೂ ಇರಲಿಲ್ಲ.

ಬೆಕ್ಕಿನ ಉಗುರು ಬೆಳೆಯುವುದು ಬೆರಳ ತುದಿಮೂಳೆಯಿಂದ. ಮತ್ತೆ ಚಿಗುರಬಾರದೆಂದರೆ ಆ ಮೂಳೆಯನ್ನೇ ಗೆಣ್ಣಿನ ಬಳಿ ಕಡಿಯಬೇಕು. ಮುಂಗಾಲು ಎರಡಕ್ಕೆ ಹತ್ತು ಕಡಿತ. ಲೇಸರ್ ಬಂದಮೇಲೆ ರಕ್ತ ಕಡಿಮೆಯಾಯಿತು, ಕಳೆದುಹೋಗುವ ಮೂಳೆ ಅಷ್ಟೇ. ಬೆಕ್ಕಾದರೋ ಬೆರಳೂರಿ ನಡೆಯುವ ಪ್ರಾಣಿ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 274 ಬೆಕ್ಕುಗಳನ್ನು ಪರೀಕ್ಷಿಸಿತು; ಅವುಗಳಲ್ಲಿ ಅರ್ಧದಷ್ಟು ಮೊದಲೇ ಉಗುರು ಕಳೆದುಕೊಂಡಿದ್ದವು. ಬೆನ್ನುನೋವು, ಕಚ್ಚುವುದು, ತಟ್ಟೆ ಬಿಟ್ಟು ಕಂಡಲ್ಲಿ ಉಚ್ಚೆ ಹೊಯ್ಯುವುದು, ಎಲ್ಲವೂ ಅವುಗಳಲ್ಲೇ ಹೆಚ್ಚು. ಶೇ. 63ರಷ್ಟರ ಕಾಲಲ್ಲಿ ಮೂಳೆಚೂರು ಉಳಿದಿತ್ತು. ಸೋಫಾ ಉಳಿಸಹೋದವರು ಹಾಸಿಗೆ ಒಗೆಯುವಂತಾದರೆ ಲಾಭವೆಲ್ಲಿ ಬಂತು?

ಉಗುರು ತೆಗೆಸದಿದ್ದರೆ ಜನ ಬೆಕ್ಕನ್ನೇ ಬೀದಿಪಾಲು ಮಾಡುತ್ತಾರೆ ಎಂಬುದು ಪದ್ಧತಿಯ ಪರ ಇರುವವರ ಬಲವಾದ ವಾದ. ಕೆನಡಾದ ಬ್ರಿಟಿಷ್ ಕೊಲಂಬಿಯಾ 2018ರಲ್ಲಿ ಇದನ್ನು ನಿಷೇಧಿಸಿತು. ನಿಷೇಧದ ಹಿಂದಿನ ಹಾಗೂ ನಂತರದ ದಾಖಲೆಗಳನ್ನು ಹೋಲಿಸಿದಾಗ, ಪರಚುವ ಕಾಟಕ್ಕೆಂದು ಆಶ್ರಯಧಾಮಕ್ಕೆ ಬಿಟ್ಟುಹೋದ ಬೆಕ್ಕುಗಳ ಸಂಖ್ಯೆ ಏರಿರಲಿಲ್ಲ. ರೋಗನಿರೋಧಕ ಶಕ್ತಿ ಕುಂದಿದವರ ಮನೆಯಲ್ಲಾದರೂ ಬೇಡವೇ ಎಂದರೆ, ಅಮೆರಿಕದ ಆರೋಗ್ಯ ಮಾರ್ಗಸೂಚಿಯೇ ಅವರಿಗೂ ಇದನ್ನು ಸಲಹೆ ಮಾಡುವುದಿಲ್ಲ. ಉಗುರಿಗೆ ಗಂತಿಯೋ ವಾಸಿಯಾಗದ ಸೋಂಕೋ ಆದಾಗಿನ ಮಾತು ಬೇರೆ. ಕಾನೂನುಗಳೂ ಅದಕ್ಕೆ ಅವಕಾಶ ಇಟ್ಟಿವೆ. ಯುರೋಪಿನ ಸಾಕುಪ್ರಾಣಿ ಒಡಂಬಡಿಕೆ 1987ರಲ್ಲೇ ಇದನ್ನು ನಿಷಿದ್ಧವೆಂದಿತು. ಅಮೆರಿಕದಲ್ಲಿ ವೆಸ್ಟ್ ಹಾಲಿವುಡ್ ನಗರ 2003ರಲ್ಲಿ ತಡೆ ಹಾಕಿದರೆ, ಕ್ಯಾಲಿಫೋರ್ನಿಯಾದ ಪಶುವೈದ್ಯರ ಸಂಘವೇ ನ್ಯಾಯಾಲಯದ ಮೆಟ್ಟಿಲೇರಿತು! 2007ರಲ್ಲಿ ಮೇಲ್ಮನವಿ ನ್ಯಾಯಾಲಯ ನಗರದ ಪರ ನಿಂತಿತು. ರಾಜ್ಯಗಳಲ್ಲಿ ಮೊದಲು ನಿಷೇಧಿಸಿದ್ದು ನ್ಯೂಯಾರ್ಕ್, 2019ರಲ್ಲಿ.

ಬೆಕ್ಕು ಪರಚುವುದು ಹಗೆಯಿಂದಲ್ಲ. ಉಗುರಿನ ಹಳೇ ಪೊರೆ ಕಳಚಲು, ಮೈ ಸೆಟೆಸಿ ಮುರಿಯಲು, ಪಂಜದ ವಾಸನೆ ಬಿಟ್ಟು ಜಾಗ ಗುರುತಿಸಲು ಅದಕ್ಕೆ ಒರಟಾದ ಆಸರೆ ಬೇಕು. ಕತ್ತಾಳೆ ನಾರಿನ ಹಗ್ಗ ಸುತ್ತಿದ ಮೂರಡಿ ಕಂಬ ಸಾಕು. ಎರಡು ಮೂರು ವಾರಕ್ಕೊಮ್ಮೆ, ಒಳಗಿನ ನಸುಗೆಂಪು ಭಾಗ ತಾಕದಂತೆ, ಉಗುರ ತುದಿ ಕತ್ತರಿಸಬಹುದು. ಕಂಬವನ್ನು ಮೂಲೆಗೆ ತಳ್ಳದೆ, ಈಗಾಗಲೇ ಪರಚಿಸಿಕೊಂಡಿರುವ ಸೋಫಾದ ಪಕ್ಕದಲ್ಲೇ ಅಲ್ಲಾಡದಂತೆ ನಿಲ್ಲಿಸಿ.