ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಪೋರ್ಟ್‌ಗಳು

ಹೊಸ ತಂತ್ರಜ್ಞಾನವು ಬಂದು ತಮ್ಮ ಕೆಲಸವನ್ನು ವಹಿಸಿಕೊಂಡ ಮೇಲೂ ಬಳಕೆಯಲ್ಲಿ ಉಳಿದಿರುವ ಸಂಪರ್ಕ ಕಿಂಡಿಗಳನ್ನು ಹಳೆಯ ಪೋರ್ಟ್‌ಗಳು ಅಥವಾ ಲೆಗಸಿ ಪೋರ್ಟ್‌ಗಳು ಎಂದು ಕರೆಯುತ್ತಾರೆ. ಸೀರಿಯಲ್, ಪ್ಯಾರಲಲ್, ಪಿಎಸ್/2 ಮತ್ತು ವಿಜಿಎ ಪೋರ್ಟ್‌ಗಳು ಈ ಗುಂಪಿನಲ್ಲಿ ಮುಖ್ಯವಾದವು. ಲ್ಯಾಪ್‌ಟಾಪ್‌ಗಳು ತೆಳುವಾಗುತ್ತ ಬಂದಂತೆ ಈಥರ್ನೆಟ್, ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಹಾಗೂ ಆಯತಾಕಾರದ ಯುಎಸ್‌ಬಿ-ಎ ಕಿಂಡಿಗಳೂ ಇದೇ ಚರ್ಚೆಯೊಳಗೆ ಬಂದಿವೆ. ಹೊಸ ಲ್ಯಾಪ್‌ಟಾಪ್‌ಗಳು ಇವನ್ನು ಉಳಿಸಿಕೊಳ್ಳಬೇಕೇ, ಇಲ್ಲವೇ ಎಲ್ಲ ಕೆಲಸವನ್ನೂ ಯುಎಸ್‌ಬಿ-ಸಿ ಎಂಬ ಒಂದೇ ಕಿಂಡಿಗೆ ಒಪ್ಪಿಸಬೇಕೇ ಎಂಬ ವಿಷಯದಲ್ಲಿ ತಯಾರಕರಲ್ಲಿಯೂ ಬಳಕೆದಾರರಲ್ಲಿಯೂ ಭಿನ್ನಾಭಿಪ್ರಾಯಗಳಿವೆ.

ಇತಿಹಾಸ

ಆರಂಭದ ವೈಯಕ್ತಿಕ ಗಣಕಯಂತ್ರಗಳಲ್ಲಿ ಪ್ರತಿಯೊಂದು ಉಪಕರಣಕ್ಕೂ ಪ್ರತ್ಯೇಕ ಕಿಂಡಿಯಿತ್ತು. ಸೀರಿಯಲ್ ಪೋರ್ಟ್‌ಗೆ ಆಧಾರವಾದ ಆರ್‌ಎಸ್-232 ಮಾನದಂಡವು 1960ರಲ್ಲಿ ರೂಪುಗೊಂಡಿತು. ಮುದ್ರಕಗಳಿಗಾಗಿ 25 ಪಿನ್ನುಗಳ ಪ್ಯಾರಲಲ್ ಪೋರ್ಟ್ ಬಳಕೆಯಲ್ಲಿತ್ತು. ಐಬಿಎಂ ಸಂಸ್ಥೆಯು 1987ರಲ್ಲಿ ಹೊರತಂದ ಪಿಎಸ್/2 ಗಣಕಯಂತ್ರಗಳ ಮೂಲಕ ಎರಡು ಕಿಂಡಿಗಳು ಪ್ರಚಾರಕ್ಕೆ ಬಂದವು: ಕೀಲಿಮಣೆ ಮತ್ತು ಮೌಸ್‌ಗಳಿಗೆ ದುಂಡನೆಯ ಪಿಎಸ್/2 ಪೋರ್ಟ್, ಪರದೆಗೆ 15 ಪಿನ್ನುಗಳ ವಿಜಿಎ ಪೋರ್ಟ್.

ಈ ವೈವಿಧ್ಯದಿಂದ ಉಂಟಾಗುತ್ತಿದ್ದ ಗೊಂದಲವನ್ನು ನಿವಾರಿಸುವ ಉದ್ದೇಶದಿಂದ 1996ರ ಜನವರಿಯಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಪ್ರಕಟವಾಯಿತು. ಇದರ ವಿನ್ಯಾಸದಲ್ಲಿ ಪ್ರಮುಖ ಪಾತ್ರ ವಹಿಸಿದ ಇಂಟೆಲ್ ಸಂಸ್ಥೆಯ ಅಜಯ್ ಭಟ್ ಅವರು ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದವರು. 1998ರಲ್ಲಿ ಆಪಲ್ ಸಂಸ್ಥೆಯ ಐಮ್ಯಾಕ್ ಹಳೆಯ ಪೋರ್ಟ್‌ಗಳನ್ನೂ ಫ್ಲಾಪಿ ಡ್ರೈವನ್ನೂ ಕೈಬಿಟ್ಟು ಯುಎಸ್‌ಬಿಯನ್ನು ಅವಲಂಬಿಸಿತು. 2000ದಲ್ಲಿ ಬಂದ ಯುಎಸ್‌ಬಿ 2.0 ಆವೃತ್ತಿಯ ವೇಗ ಸೆಕೆಂಡಿಗೆ 480 ಮೆಗಾಬಿಟ್. 2008ರ ಯುಎಸ್‌ಬಿ 3.0 ಆವೃತ್ತಿಯದು 5 ಗಿಗಾಬಿಟ್.

2008ರ ಮ್ಯಾಕ್‌ಬುಕ್ ಏರ್‌ನಲ್ಲಿ ಈಥರ್ನೆಟ್ ಕಿಂಡಿಯಾಗಲಿ ಸಿ.ಡಿ. ಡ್ರೈವ್ ಆಗಲಿ ಇರಲಿಲ್ಲ. ಇದ್ದದ್ದು ಒಂದೇ ಯುಎಸ್‌ಬಿ ಪೋರ್ಟ್. 2010ರ ಡಿಸೆಂಬರಿನಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳು ಕೆಲವು ಗಣಕಯಂತ್ರ ತಯಾರಕರೊಡನೆ ಸೇರಿ, 2015ರ ವೇಳೆಗೆ ವಿಜಿಎಗೆ ನೀಡುತ್ತಿದ್ದ ಬೆಂಬಲವನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಪ್ರಕಟಿಸಿದವು. 2014ರಲ್ಲಿ ಯುಎಸ್‌ಬಿ-ಸಿ ವಿನ್ಯಾಸವು ಹೊರಬಂದಿತು.

ಕೈಬಿಡುವುದರ ಪರವಾದ ವಾದಗಳು

ಮೊದಲನೆಯ ಕಾರಣ ಗಾತ್ರ. ಯುಎಸ್‌ಬಿ-ಎ ಕಿಂಡಿಯ ಬಾಯಿ ಸುಮಾರು 12 ಮಿ.ಮೀ. ಅಗಲ, 4.5 ಮಿ.ಮೀ. ಎತ್ತರವಿದ್ದರೆ, ಯುಎಸ್‌ಬಿ-ಸಿಯದು ಸುಮಾರು 8.4 ಮಿ.ಮೀ. ಅಗಲ, 2.6 ಮಿ.ಮೀ. ಎತ್ತರ. ಈಥರ್ನೆಟ್ ಕಿಂಡಿ ಇನ್ನೂ ಎತ್ತರವಾದುದರಿಂದ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ಕೆಳಗೆ ಬಾಗುವ ದವಡೆಯಂಥ ಮುಚ್ಚಳವನ್ನು ಅಳವಡಿಸಿರುತ್ತಾರೆ. ಕಿಂಡಿಗಳಿಂದ ಉಳಿದ ಜಾಗವನ್ನು ಬ್ಯಾಟರಿಗೆ ಅಥವಾ ತಂಪುಗೊಳಿಸುವ ವ್ಯವಸ್ಥೆಗೆ ಬಳಸಬಹುದು.

ಎರಡನೆಯದು ಬಹುಪಯೋಗ. 24 ಪಿನ್ನುಗಳ ಯುಎಸ್‌ಬಿ-ಸಿ ಕಿಂಡಿಯೊಂದರಲ್ಲೇ ದತ್ತಾಂಶ, ದೃಶ್ಯಸಂಕೇತ ಹಾಗೂ ವಿದ್ಯುತ್ತು ಹರಿಯಬಲ್ಲವು. ಅದರ ಮೂಲಕ ನೀಡಬಹುದಾದ ವಿದ್ಯುತ್ತಿನ ಗರಿಷ್ಠ ಮಿತಿಯನ್ನು 2021ರಲ್ಲಿ 100 ವ್ಯಾಟ್‌ನಿಂದ 240 ವ್ಯಾಟ್‌ಗೆ ಏರಿಸಲಾಯಿತು. ಪ್ಲಗ್ಗನ್ನು ಯಾವ ಬದಿಯಿಂದ ಬೇಕಾದರೂ ಚುಚ್ಚಬಹುದು. ಮಾನದಂಡದ ಪ್ರಕಾರ ಅದು 10,000 ಬಾರಿ ಹಾಕಿ ತೆಗೆಯುವುದನ್ನು ತಾಳಿಕೊಳ್ಳಬೇಕು. ಸಾಮಾನ್ಯ ಯುಎಸ್‌ಬಿ-ಎಗೆ ನಿಗದಿಯಾದ ಮಿತಿ 1,500.

ಮೂರನೆಯದು ತಾಂತ್ರಿಕ ಹೊರೆ. ವಿಜಿಎ ಅನಲಾಗ್ ಸಂಕೇತವನ್ನು ಬಳಸುತ್ತದೆ. ಗಣಕಯಂತ್ರದೊಳಗಿನ ಡಿಜಿಟಲ್ ಚಿತ್ರವನ್ನು ಅನಲಾಗ್‌ಗೆ ಪರಿವರ್ತಿಸಿ ಕಳುಹಿಸಿದರೆ, ಇಂದಿನ ಚಪ್ಪಟೆ ಪರದೆಯು ಅದನ್ನು ಮತ್ತೆ ಡಿಜಿಟಲ್‌ಗೆ ತರಬೇಕಾಗುತ್ತದೆ. ಈ ಎರಡು ಪರಿವರ್ತನೆಗಳ ನಡುವೆ ಚಿತ್ರದ ಸ್ಪಷ್ಟತೆ ಕುಂದುತ್ತದೆ.

ಉಳಿಸಿಕೊಳ್ಳುವುದರ ಪರವಾದ ವಾದಗಳು

ಲ್ಯಾಪ್‌ಟಾಪ್‌ಗಿಂತ ಅದಕ್ಕೆ ಜೋಡಿಸುವ ಉಪಕರಣಗಳ ಆಯುಷ್ಯ ಹೆಚ್ಚು. ತರಗತಿಯ ಚಾವಣಿಗೆ ತೂಗುಹಾಕಿದ ಪ್ರೊಜೆಕ್ಟರಿನ ವಿಜಿಎ ಕೇಬಲ್ ಬಹುಮಟ್ಟಿಗೆ ಗೋಡೆಯೊಳಗೇ ಹಾದುಹೋಗಿರುತ್ತದೆ. ಅದನ್ನು ಬದಲಿಸುವುದು ಹೊಸ ಲ್ಯಾಪ್‌ಟಾಪ್ ಕೊಳ್ಳುವಷ್ಟು ಸುಲಭವಲ್ಲ. ಪಾಠಕ್ಕೆ ಸಿದ್ಧರಾಗಿ ಬಂದ ಶಿಕ್ಷಕರ ಬಳಿ ಪರಿವರ್ತಕ ಸಾಧನವಿಲ್ಲದಿದ್ದರೆ ಆ ಅವಧಿಯ ಪಾಠವೇ ಕೈತಪ್ಪುತ್ತದೆ. ಕಾರ್ಖಾನೆಯ ನಿಯಂತ್ರಕಗಳು, ಪ್ರಯೋಗಾಲಯದ ಉಪಕರಣಗಳು, ನೆಟ್‌ವರ್ಕ್ ಸ್ವಿಚ್‌ಗಳು ಇಂದಿಗೂ ಸೀರಿಯಲ್ ಸಂಪರ್ಕವನ್ನು ಬಳಸುತ್ತಿರುವುದು ಇದೇ ಕಾರಣದಿಂದ.

ಭದ್ರತೆಯ ದೃಷ್ಟಿಯಿಂದ ವೈ-ಫೈಯನ್ನು ನಿಷೇಧಿಸಿರುವ ಕಚೇರಿಗಳಲ್ಲಿ ಈಥರ್ನೆಟ್ ಕಿಂಡಿ ಅನಿವಾರ್ಯ. ಪೆನ್‌ಡ್ರೈವ್, ಮೌಸ್, ಮುದ್ರಕ, ಬೆರಳಚ್ಚು ಓದುವ ಸಾಧನ ಮೊದಲಾದವುಗಳಲ್ಲಿ ಬಹುಪಾಲು ಯುಎಸ್‌ಬಿ-ಎ ಪ್ಲಗ್ಗಿನವೇ ಆಗಿವೆ. ಜೊತೆಗೆ ಕಿಂಡಿಗಳ ಸಂಖ್ಯೆ ಕಡಿಮೆಯಾದಷ್ಟೂ ಒಂದೊಂದರ ಮೇಲಿನ ಅವಲಂಬನೆ ಹೆಚ್ಚುತ್ತದೆ. ಒಂದೇ ಯುಎಸ್‌ಬಿ-ಸಿ ಕಿಂಡಿಯಿರುವ ಯಂತ್ರದಲ್ಲಿ ಅದು ಸಡಿಲಗೊಂಡರೆ ಚಾರ್ಜಿಂಗೂ ನಿಲ್ಲುತ್ತದೆ, ಕಡತಗಳನ್ನು ಕೇಬಲ್ ಮೂಲಕ ಹೊರತೆಗೆಯುವ ದಾರಿಯೂ ಮುಚ್ಚುತ್ತದೆ.

ಪರಿವರ್ತಕಗಳು ಮತ್ತು ಅವುಗಳ ಮಿತಿ

ಕಿಂಡಿಗಳನ್ನು ಕೈಬಿಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಅಡಾಪ್ಟರ್, ಹಬ್ ಅಥವಾ ಡಾಕ್‌ಗಳನ್ನು ಬಳಸಬೇಕಾಗುತ್ತದೆ. ಇವುಗಳಲ್ಲಿ ಎರಡು ಬಗೆ. ಯುಎಸ್‌ಬಿ-ಎ ಪ್ಲಗ್ಗನ್ನು ಯುಎಸ್‌ಬಿ-ಸಿಗೆ ಹೊಂದಿಸುವ ಅಡಾಪ್ಟರ್ ತಂತಿಗಳನ್ನು ಮಾತ್ರ ಜೋಡಿಸುತ್ತದೆ. ಎಚ್‌ಡಿಎಂಐನಿಂದ ವಿಜಿಎಗೆ ಅಥವಾ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಸಾಧನದೊಳಗೆ ಪರಿವರ್ತಕ ಚಿಪ್ ಇರಲೇಬೇಕು; ಸೀರಿಯಲ್ ಅಡಾಪ್ಟರಿಗೆ ಡ್ರೈವರ್ ತಂತ್ರಾಂಶವೂ ಬೇಕಾಗಬಹುದು.

ಯುಎಸ್‌ಬಿ-ಸಿ ಎಂಬುದು ಕಿಂಡಿಯ ಆಕಾರದ ಹೆಸರೇ ಹೊರತು ಅದರ ಸಾಮರ್ಥ್ಯದ ಹೆಸರಲ್ಲ. ಒಂದೇ ರೀತಿ ಕಾಣುವ ಎರಡು ಕಿಂಡಿಗಳಲ್ಲಿ ಒಂದು ಸೆಕೆಂಡಿಗೆ 480 ಮೆಗಾಬಿಟ್ ವೇಗಕ್ಕೆ ಸೀಮಿತವಾಗಿದ್ದರೆ ಇನ್ನೊಂದು 40 ಗಿಗಾಬಿಟ್ ಮುಟ್ಟಬಹುದು; ಒಂದು ಪರದೆಗೆ ದೃಶ್ಯವನ್ನು ಕಳುಹಿಸಿದರೆ ಇನ್ನೊಂದು ಕಳುಹಿಸದಿರಬಹುದು. ಕೇಬಲ್‌ಗಳಿಗೂ ಇದು ಅನ್ವಯಿಸುತ್ತದೆ. ಯುಎಸ್‌ಬಿ 3.0 ಎಂಬ ಆವೃತ್ತಿಯೇ ಕಾಲಕ್ರಮದಲ್ಲಿ 3.1 ಜೆನ್ 1, ಬಳಿಕ 3.2 ಜೆನ್ 1 ಎಂದು ಹೆಸರು ಬದಲಿಸಿಕೊಂಡದ್ದು ಗೊಂದಲವನ್ನು ಹೆಚ್ಚಿಸಿತು. ಹಿಂದೆ ಕಿಂಡಿಯ ಆಕಾರವನ್ನು ನೋಡಿಯೇ ಅದರ ಕೆಲಸವನ್ನು ತಿಳಿಯಬಹುದಾಗಿತ್ತು. ಈಗ ಕೈಪಿಡಿಯನ್ನು ಓದಬೇಕಾಗಿದೆ.

ತಯಾರಕರ ನಿಲುವಿನಲ್ಲಿ ಬದಲಾವಣೆ

2016ರ ಮ್ಯಾಕ್‌ಬುಕ್ ಪ್ರೊ ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಮತ್ತು ಯುಎಸ್‌ಬಿ-ಎ ಕಿಂಡಿಗಳನ್ನು ಒಟ್ಟಿಗೆ ಕೈಬಿಟ್ಟಿತು. ಛಾಯಾಗ್ರಾಹಕರು ಮತ್ತು ದೃಶ್ಯ ಸಂಕಲನಕಾರರು ಇದನ್ನು ಟೀಕಿಸಿದರು. 2021ರಲ್ಲಿ ಬಂದ 14 ಮತ್ತು 16 ಇಂಚಿನ ಮಾದರಿಗಳಲ್ಲಿ ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಕಿಂಡಿಗಳೂ ಕಾಂತೀಯ ಚಾರ್ಜಿಂಗ್ ಕಿಂಡಿಯೂ ಮರಳಿದವು, ಯುಎಸ್‌ಬಿ-ಎ ಮರಳಲಿಲ್ಲ.

2021ರಲ್ಲಿಯೇ ಮಾರುಕಟ್ಟೆಗೆ ಬಂದ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ ಬೇರೊಂದು ದಾರಿಯನ್ನು ಹಿಡಿಯಿತು. ಇದರಲ್ಲಿ ಯುಎಸ್‌ಬಿ-ಎ, ಎಚ್‌ಡಿಎಂಐ ಮೊದಲಾದ ಕಿಂಡಿಗಳು ತೆಗೆದು ಹಾಕಬಹುದಾದ ಸಣ್ಣ ಬಿಲ್ಲೆಗಳ ರೂಪದಲ್ಲಿದ್ದು, ಬಳಕೆದಾರರು ತಮಗೆ ಬೇಕಾದುದನ್ನು ಕೂಡಿಸಿಕೊಳ್ಳಬಹುದು. ಕಾರ್ಖಾನೆ ಹಾಗೂ ಹೊರಾಂಗಣ ಕೆಲಸಕ್ಕೆಂದೇ ತಯಾರಾಗುವ ಪ್ಯಾನಸೋನಿಕ್ ಟಫ್‌ಬುಕ್‌ನಂಥ ಗಟ್ಟಿ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟನ್ನು ಪಡೆಯುವ ಅವಕಾಶವಿದೆ.

ಕಾನೂನು ಮತ್ತು ಮಾನದಂಡಗಳು

ಐರೋಪ್ಯ ಒಕ್ಕೂಟವು 2022ರಲ್ಲಿ ಅಂಗೀಕರಿಸಿದ ನಿರ್ದೇಶನದ ಪ್ರಕಾರ ಮೊಬೈಲ್ ಫೋನ್ ಮುಂತಾದ ಸಾಧನಗಳಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರಿಂದ ಯುಎಸ್‌ಬಿ-ಸಿ ಚಾರ್ಜಿಂಗ್ ಕಡ್ಡಾಯ. ಇದು ಚಾರ್ಜಿಂಗ್‌ಗೆ ಸಂಬಂಧಿಸಿದ ನಿಯಮವೇ ಹೊರತು ಇತರ ಕಿಂಡಿಗಳನ್ನು ನಿಷೇಧಿಸುವುದಿಲ್ಲ. ಭಾರತದಲ್ಲಿಯೂ ಯುಎಸ್‌ಬಿ-ಸಿಗೆ ಸಂಬಂಧಿಸಿದ ಮಾನದಂಡವನ್ನು ಭಾರತೀಯ ಮಾನಕ ಬ್ಯೂರೊ ಪ್ರಕಟಿಸಿದೆ.

ಚಾರ್ಜರ್‌ಗಳ ಸಂಖ್ಯೆ ತಗ್ಗಿದರೆ ಇ-ತ್ಯಾಜ್ಯವೂ ತಗ್ಗುತ್ತದೆ ಎಂಬುದು ಇಂಥ ಕ್ರಮಗಳ ಹಿಂದಿನ ಮುಖ್ಯ ಆಶಯ. ಆದರೆ ಸುಸ್ಥಿತಿಯಲ್ಲಿರುವ ಪ್ರೊಜೆಕ್ಟರ್, ಮುದ್ರಕಗಳನ್ನು ಕಿಂಡಿ ಹೊಂದುವುದಿಲ್ಲವೆಂಬ ಒಂದೇ ಕಾರಣಕ್ಕೆ ಎಸೆದರೆ, ಅದಕ್ಕಾಗಿ ಹೊಸ ಅಡಾಪ್ಟರ್‌ಗಳನ್ನು ಕೊಂಡರೆ, ಆ ಉಳಿತಾಯದ ಒಂದು ಪಾಲು ಕರಗಿಹೋಗುತ್ತದೆ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

* ಮನೆ, ಶಾಲೆ ಅಥವಾ ಕಚೇರಿಯಲ್ಲಿ ಈಗಾಗಲೇ ಇರುವ ಉಪಕರಣಗಳ ಪ್ಲಗ್ಗುಗಳು ಯಾವ ಬಗೆಯವು.
* ಯುಎಸ್‌ಬಿ-ಸಿ ಕಿಂಡಿಯು ಚಾರ್ಜಿಂಗ್ ಮತ್ತು ದೃಶ್ಯಸಂಕೇತ ಎರಡನ್ನೂ ಬೆಂಬಲಿಸುತ್ತದೆಯೇ.
* ಚಾರ್ಜ್ ಆಗುತ್ತಿರುವಾಗ ಬಳಕೆಗೆ ಉಳಿಯುವ ಕಿಂಡಿಗಳು ಎಷ್ಟು.
* ಅಗತ್ಯವಾದ ಅಡಾಪ್ಟರ್‌ಗಳ ಬೆಲೆಯನ್ನು ಸೇರಿಸಿದಾಗ ಒಟ್ಟು ವೆಚ್ಚ ಎಷ್ಟು.

ಇವನ್ನೂ ನೋಡಿ

* ಯುಎಸ್‌ಬಿ
* ಎಚ್‌ಡಿಎಂಐ
* ಈಥರ್ನೆಟ್
* ಇ-ತ್ಯಾಜ್ಯ